ಕಾಟಾದ ಮೇಲೆ ತೊಂಬತ್ತು ಕಿಲೋ

ಎರಡು ವರ್ಷದ ಹಿಂದೆ ಒಂದು ರಾತ್ರಿ ಪಾಳಿಯಲ್ಲಿ, ಲಾರಿಗಳ ಸಾಲು ಕರಗಿ ಅಂಗಳ ಬರಿದಾಗಿದ್ದ ಹೊತ್ತು ನೋಡಿ, ನನ್ನ ಸೈಕಲ್ಲನ್ನು ತಳ್ಳಿಕೊಂಡು ಹೋಗಿ ಲಾರಿ ತೂಗುವ ಕಾಟಾದ ಮೇಲೆ ನಿಂತೆ. ಒಳಗಿದ್ದ ಹುಡುಗನಿಗೆ ಪರದೆ ನೋಡಲು ಹೇಳಿದ್ದೆ. ‘ತೊಂಬತ್ತ್ ಐತ್ರಿ ಸರ’ ಎಂದು ಕಿಟಕಿಯಿಂದಲೇ ಕೂಗಿ ನಕ್ಕ. ಅರವತ್ತು ಟನ್ನಿನ ನಮ್ಮ ಕಾಟಾ ಹತ್ತು ಕಿಲೋಗಿಂತ ಸಣ್ಣ ಅಂಕಿಯನ್ನು ತೋರಿಸುವುದಿಲ್ಲವಾದ್ದರಿಂದ, ನಾನು, ಸೈಕಲ್ಲು, ಬುತ್ತಿಯ ಡಬ್ಬಿ ಮೂರೂ ಸೇರಿ ತೊಂಬತ್ತರ ಆಸುಪಾಸಿನಲ್ಲಿ ಇದ್ದೇವೆ ಎಂಬುದಷ್ಟೇ ಅದರ ಅರ್ಥ. ಲಾರಿ ತೂಗುವಾಗ ಈ ತೊಂಬತ್ತು ಕಿಲೋ ಹೆಚ್ಚು ಕಡಿಮೆಯಾದರೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಚಕ್ರಕ್ಕೆ ಮೆತ್ತಿದ ಕೆಸರೇ ಕೆಲವೊಮ್ಮೆ ಅಷ್ಟಿರುತ್ತದೆ.

ನಾನು ಕೊಪ್ಪಳ ಜಿಲ್ಲೆಯ ಗಿಣಿಗೇರಾ ಸಮೀಪದ ಒಂದು ಕಾರ್ಖಾನೆಯಲ್ಲಿ ಕಾಟಾ ಗುಮಾಸ್ತ. ಸಂಡೂರು, ಹೊಸಪೇಟೆ ಕಡೆಯಿಂದ ಕಬ್ಬಿಣದ ಅದಿರು ಹೊತ್ತು ಬರುವ ಲಾರಿಯನ್ನು ತುಂಬಿದಂತೆಯೇ ಒಮ್ಮೆ ತೂಗುವುದು, ಅದು ಅಂಗಳದಲ್ಲಿ ಅದಿರು ಸುರಿದು ಬಂದ ಮೇಲೆ ಖಾಲಿಯಾಗಿ ಇನ್ನೊಮ್ಮೆ ತೂಗುವುದು, ಎರಡರ ವ್ಯತ್ಯಾಸವನ್ನು ಚೀಟಿಯಲ್ಲಿ ಮುದ್ರಿಸಿ ಚಾಲಕನ ಕೈಗೆ ಕೊಡುವುದು ನನ್ನ ಕೆಲಸ. ಮನೆ ಹಿಟ್ನಾಳದ ಕಡೆ ಇದೆ. ನಡುವೆ ಒಂಬತ್ತು ಕಿಲೋಮೀಟರ್ ಹೆದ್ದಾರಿ. ಹಿಂದೆ 63 ಎನ್ನುತ್ತಿದ್ದು ಈಗ 67 ಎಂದು ಸಂಖ್ಯೆ ಬದಲಾಗಿರುವ, ಹುಬ್ಬಳ್ಳಿಯ ಕಡೆಯಿಂದ ಆಂಧ್ರದ ಗುತ್ತಿಯ ಕಡೆಗೆ ಹೋಗುವ ಅದೇ ರಸ್ತೆ. ಹೋಗುವಾಗ ಪಡುವಣಕ್ಕೆ, ಬರುವಾಗ ಮೂಡಣಕ್ಕೆ, ಹನ್ನೊಂದು ವರ್ಷದಿಂದ ಇದನ್ನು ಸೈಕಲ್ಲಿನಲ್ಲಿಯೇ ತುಳಿಯುತ್ತಿದ್ದೇನೆ.

‘ಗಾಡಿ ತಗೊಳ್ರಲ್ಲ, ಇನ್ನೂ ಸೈಕಲ್ಲ್ಯಾಕ’ ಎಂದು ಕೇಳದವರಿಲ್ಲ. ಪೆಟ್ರೋಲಿನ ಖರ್ಚು ಒಂದು ಕಾರಣ, ಅಭ್ಯಾಸ ಇನ್ನೊಂದು; ಅದಕ್ಕಿಂತ ಹೆಚ್ಚಿನ ತತ್ತ್ವವೇನೂ ನನ್ನಲ್ಲಿಲ್ಲ. ಪಾಳಿ ಬಿಟ್ಟಾಗ ಗೇಟಿನಿಂದ ಹೊರಬೀಳುವ ಸೈಕಲ್ಲುಗಳನ್ನು ನೋಡಿದರೆ ಅವುಗಳಲ್ಲಿ ಎಷ್ಟೋ, ಸರ್ಕಾರ ಎಂಟನೆಯ ತರಗತಿಯ ಮಕ್ಕಳಿಗೆ ಕೊಟ್ಟವು. 2006-07ರಲ್ಲಿ ಶುರುವಾದ ಆ ಯೋಜನೆ ಕೊರೋನಾ ಕಾಲಕ್ಕೆ ನಿಂತುಹೋಯಿತು. ಮಗಳು ಕಾಲೇಜಿಗೆ ಬಸ್ಸು ಹತ್ತಿದ ಮೇಲೆ ಅವಳ ಬುಟ್ಟಿ ಸೈಕಲ್ಲನ್ನು ಅಪ್ಪ ಕಾರ್ಖಾನೆಗೆ ತುಳಿಯುತ್ತಾನೆ. ಮೊಣಕಾಲು ಹ್ಯಾಂಡಲ್ಲಿಗೆ ತಾಗುವಂತೆ ಕುಳಿತು ತುಳಿಯುವ ಆ ದೊಡ್ಡ ಆಳುಗಳನ್ನು ಕಂಡು ಹೊಸಬರು ನಗುತ್ತಾರೆ. ಹಿಂದಿನ ಮಡ್‌ಗಾರ್ಡಿಗೆ ರೇಡಿಯಂ ಅಂಟಿಸಿದವರು ಹತ್ತರಲ್ಲಿ ಇಬ್ಬರು ಸಿಕ್ಕರೆ ಹೆಚ್ಚು.

ಈ ರಸ್ತೆಯಲ್ಲಿ ಕಣ್ಣಿಗಿಂತ ಕಿವಿಗೆ ಕೆಲಸ ಜಾಸ್ತಿ. ಅಪಾಯ ಬರುವುದು ಬೆನ್ನ ಹಿಂದಿನಿಂದ, ಅಲ್ಲಿಗೆ ನಮಗೆ ಕಣ್ಣಿಲ್ಲ. ಮೊದಲ ವರ್ಷ ತುಂಬಿದ ಲಾರಿಗೆ ಬಹಳ ಹೆದರುತ್ತಿದ್ದೆ. ಅದರ ಎಂಜಿನ್ನಿನ ನರಳಾಟ ದೂರದಿಂದಲೇ ಕೇಳಿಸುತ್ತದೆ, ನೆಲ ಅದುರುತ್ತದೆ, ಟಾರ್ಪಾಲಿನ ಅಂಚಿನಿಂದ ಕೆಂಪು ಪುಡಿ ಉದುರುತ್ತದೆ. ಆದರೆ ಭಾರ ಹೊತ್ತ ಲಾರಿ ಓಡುವುದಿಲ್ಲ, ತೆವಳುತ್ತದೆ. ನಮ್ಮನ್ನು ದಾಟಲು ಅದಕ್ಕೆ ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ನಮಗೂ ಬದಿಗೆ ಸರಿಯಲು ಸಿಗುತ್ತದೆ. ಹೆದರಬೇಕಾದದ್ದು ಖಾಲಿ ಲಾರಿಗೆ. ಅದಿರು ಸುರಿದು ಹಗುರಾದ ಟಿಪ್ಪರಿನ ಹಿಂಬಾಗಿಲು ಪ್ರತಿ ತಗ್ಗಿಗೂ ತಗಡಿನ ಡಬ್ಬಿಯಂತೆ ಬಡಿದುಕೊಳ್ಳುತ್ತದೆ. ಆ ಬಡಿತ ಕಿವಿಗೆ ಬೀಳುವ ಹೊತ್ತಿಗೆ ಲಾರಿ ಬೆನ್ನಿಗೇ ಬಂದಿರುತ್ತದೆ. ಕಾರಿನದು ಬೇರೆಯದೇ ಕಥೆ, ಅದು ದಾಟಿಹೋದ ಮೇಲಷ್ಟೇ ಬಂದಿತ್ತೆಂದು ತಿಳಿಯುತ್ತದೆ.

ಆಷಾಢದಲ್ಲಿ ಈ ಕಿವಿಯೂ ಕೈಕೊಡುತ್ತದೆ. ಬಯಲುಸೀಮೆಯ ಪಡುವಣ ಗಾಳಿ ಎದುರಿಗೆ ಬೀಸುತ್ತಿದ್ದರೆ ಬೆಳಗಿನ ಪಾಳಿಗೆ ಹೋಗುವಾಗ ಹಿಂದಿನ ಸದ್ದನ್ನೆಲ್ಲ ಅದು ಹಿಂದಕ್ಕೇ ಒಯ್ದುಬಿಡುತ್ತದೆ. ಅಂಥ ದಿನಗಳಲ್ಲಿ ನಾನು ಬಿಳಿ ಗೆರೆಯಿಂದಾಚೆ, ಡಾಂಬರಿನ ಕೊನೆಯ ಒಂದು ಗೇಣಿನಲ್ಲಿ ತುಳಿಯುತ್ತೇನೆ. ಇನ್ನು ರಾತ್ರಿ ಪಾಳಿ ಮುಗಿಸಿ ಮೂಡಣಕ್ಕೆ ಹೊರಟರೆ, ನನ್ನ ಹಿಂದೆ ಬರುವ ಚಾಲಕನ ಕಣ್ಣಿಗೆ ಆಗತಾನೆ ಎದ್ದ ಸೂರ್ಯ ನೇರವಾಗಿ ಹೊಡೆಯುತ್ತಿರುತ್ತಾನೆ. ಇಡೀ ರಾತ್ರಿ ನಿದ್ದೆಗೆಟ್ಟ ಆ ಕಣ್ಣಿಗೆ ಕಪ್ಪು ಸೈಕಲ್ಲಿನ ಮೇಲಿನ ಒಬ್ಬ ಮನುಷ್ಯ ಕಾಣಿಸಬೇಕು ಎಂದು ಬಯಸುವುದು ಸ್ವಲ್ಪ ದೊಡ್ಡ ಬಯಕೆಯೇ.

ತೂಕದ ಕೆಲಸದವನಾದ್ದರಿಂದ ನನಗೆ ಎಲ್ಲವನ್ನೂ ಲೆಕ್ಕ ಹಾಕಿ ನೋಡುವ ಚಟ. ಹತ್ತು ಚಕ್ರದ ಲಾರಿ ಖಾಲಿಯಿದ್ದಾಗ ನಮ್ಮ ಕಾಟಾದಲ್ಲಿ ಹನ್ನೊಂದು ಟನ್ನಿನ ಸುತ್ತಮುತ್ತ ಬರುತ್ತದೆ. 2018ರಲ್ಲಿ ಕೇಂದ್ರ ಸರ್ಕಾರ ಭಾರದ ಮಿತಿಯನ್ನು ಹೆಚ್ಚಿಸಿದ ಮೇಲೆ ತುಂಬಿದ ಲಾರಿಯ ಒಟ್ಟು ತೂಕ 28.5 ಟನ್ನಿನವರೆಗೆ ಇರಬಹುದು. ಶಾಲೆಯಲ್ಲಿ ಕಲಿತದ್ದೇ, ಓಡುವ ವಸ್ತುವಿನ ಹೊಡೆತ ತೂಕ ಹೆಚ್ಚಿದಷ್ಟೇ ಹೆಚ್ಚುತ್ತದೆ, ಆದರೆ ವೇಗ ಇಮ್ಮಡಿಯಾದರೆ ನಾಲ್ಕು ಪಟ್ಟಾಗುತ್ತದೆ. ಆ ಲೆಕ್ಕದಲ್ಲಿ ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ ಬರುವ ತುಂಬಿದ ಲಾರಿಗಿಂತ 80ರಲ್ಲಿ ಹಾರಿಬರುವ ಖಾಲಿ ಲಾರಿಯ ಶಕ್ತಿ ಒಂದೂವರೆ ಪಟ್ಟು. ಹದಿನೇಳೂವರೆ ಟನ್ ಅದಿರನ್ನು ಇಳಿಸಿ ಬಂದ ಮೇಲೂ ಅದು ಹೆಚ್ಚು ಅಪಾಯಕಾರಿ ಎಂದರೆ, ಕಾಟಾದ ಪರದೆ ತೋರಿಸದ ಒಂದು ಭಾರ ವೇಗದಲ್ಲಿ ಇದೆ ಎಂದಾಯಿತು.

ನಿಲ್ಲುವ ದೂರದ್ದೂ ಅದೇ ಪಾಡು. ಚಾಲಕ ನೋಡಿ, ಕಾಲು ಬ್ರೇಕಿಗೆ ಹೋಗಲು ಒಂದು ಸೆಕೆಂಡ್ ಎಂದಿಟ್ಟುಕೊಂಡು, ಒಣ ರಸ್ತೆಯಲ್ಲಿ ಒಳ್ಳೆಯ ಬ್ರೇಕಿನ ಲಾರಿಯ ಲೆಕ್ಕ ಮಾಡಿದರೆ 40ರ ವೇಗದಲ್ಲಿ ಇಪ್ಪತ್ತಮೂರು, ಇಪ್ಪತ್ತನಾಲ್ಕು ಮೀಟರಿಗೆ ನಿಂತೀತು. 60ರಲ್ಲಿ ನಲವತ್ತೈದು ಮೀಟರ್ ಬೇಕು. 80ರಲ್ಲಿ ಎಪ್ಪತ್ತು ದಾಟುತ್ತದೆ. ಡಿಮ್ ಮಾಡಿದ ಹೆಡ್‌ಲೈಟಿನಲ್ಲಿ ರೇಡಿಯಂ ಇಲ್ಲದ ಸೈಕಲ್ಲು ಐವತ್ತು ಮೀಟರಿಗೆ ಕಂಡರೆ ಪುಣ್ಯ. ಅಂದರೆ 80ರಲ್ಲಿ ಬರುವವನು ನಮ್ಮನ್ನು ಕಂಡ ಕ್ಷಣಕ್ಕೇ ತಡವಾಗಿರುತ್ತದೆ, ಅವನು ಎಷ್ಟೇ ಒಳ್ಳೆಯ ಚಾಲಕನಾಗಿದ್ದರೂ. ಇಷ್ಟೆಲ್ಲ ಪಣಕ್ಕಿಟ್ಟು ಅವನು ಗಳಿಸುವುದೇನು ಎಂದು ನೋಡಿದರೆ, ನನ್ನ ಒಂಬತ್ತು ಕಿಲೋಮೀಟರನ್ನು 60ರಲ್ಲಿ ಒಂಬತ್ತು ನಿಮಿಷಕ್ಕೆ, 80ರಲ್ಲಿ ಆರೂಮುಕ್ಕಾಲು ನಿಮಿಷಕ್ಕೆ ದಾಟಬಹುದು. ಉಳಿತಾಯ ಎರಡೂಕಾಲು ನಿಮಿಷ.

ಟಿಪ್ಪರುಗಳಿಗೆ 60ಕ್ಕೆ ಮೀರದಂತೆ ವೇಗ ಹಿಡಿದಿಡುವ ಸ್ಪೀಡ್ ಗವರ್ನರ್ ಇರಬೇಕೆಂದು ನಿಯಮವಿದೆ. ಕಾಟಾದ ಕಿಟಕಿಯಲ್ಲಿ ಈ ಮಾತು ತೆಗೆದರೆ ಚಾಲಕರು ಮೀಸೆಯಲ್ಲಿ ನಗುತ್ತಾರೆ. ‘ಅದರ ವೈರ್ ಯಾವಾಗೋ ಕಿತ್ತೀವ್ರಿ’ ಎಂದು ಒಬ್ಬ ನೇರವಾಗಿಯೇ ಹೇಳಿದ. 2022ರಲ್ಲಿ ನಮ್ಮ ದೇಶದ ರಸ್ತೆಗಳಲ್ಲಿ 1,68,491 ಜನ ಸತ್ತರು, ಅವರಲ್ಲಿ ನೂರಕ್ಕೆ ಎಪ್ಪತ್ತಕ್ಕಿಂತ ಹೆಚ್ಚು ಮಂದಿಯ ಸಾವಿಗೆ ಅತಿವೇಗವೇ ಕಾರಣ ಎಂದು ಕೇಂದ್ರದ ಸಾರಿಗೆ ಸಚಿವಾಲಯದ ವರದಿ ಬರೆದುಕೊಂಡಿದೆ. ಅತಿವೇಗ ಎಂಬ ಪದ ಕೇಳಿದಾಗ ಮೊದಲೆಲ್ಲ ನನ್ನ ಕಣ್ಣಿಗೆ ಸ್ಟೇರಿಂಗ್ ಹಿಡಿದ ಒಬ್ಬ ದುಡುಕು ಮನುಷ್ಯ ಮಾತ್ರ ಬರುತ್ತಿದ್ದ. ಈಗ ಆ ಚಿತ್ರದಲ್ಲಿ ಇನ್ನೂ ಕೆಲವರು ಸೇರಿದ್ದಾರೆ, ಒಂದು ಮೂಲೆಯಲ್ಲಿ ನಾನೂ ಇದ್ದೇನೆ.

ಅದು ಹೀಗಾಯಿತು. ಹೋದ ವರ್ಷ ಬೇಸಿಗೆಯಲ್ಲಿ, ಬೆಳಗಿನ ಪಾಳಿ ಮುಗಿಸಿ ಎರಡೂ ಇಪ್ಪತ್ತಕ್ಕೆ ಗೇಟು ದಾಟಿದ್ದೆ. ಬಿಸಿಲಿಗೆ ಡಾಂಬರು ಮಿರುಗುತ್ತಿತ್ತು. ಎರಡು ಕಿಲೋಮೀಟರ್ ಹೋಗಿರಲಿಲ್ಲ, ಹಿಂದಿನಿಂದ ಹಿಂಬಾಗಿಲಿನ ಬಡಿತ ಕೇಳಿಸಿತು, ಒಂದಲ್ಲ, ಎರಡು. ಎರಡು ಖಾಲಿ ಟಿಪ್ಪರುಗಳು ಜೋಡೆತ್ತಿನಂತೆ ಪಕ್ಕಪಕ್ಕದಲ್ಲಿ ಬರುತ್ತಿದ್ದವು, ಎಡಗಡೆಯದು ಬಿಳಿ ಗೆರೆಯನ್ನು ತುಳಿದುಕೊಂಡೇ ಇತ್ತು. ದೊಡ್ಡ ಲಾರಿ ಹತ್ತಿರದಿಂದ ದಾಟುವಾಗ ಗಾಳಿ ಮೊದಲು ನಮ್ಮನ್ನು ಹೊರಕ್ಕೆ ನೂಕುತ್ತದೆ, ಮರುಕ್ಷಣವೇ ಒಳಕ್ಕೆ ಎಳೆಯುತ್ತದೆ. ಈ ಎಳೆತಕ್ಕೆ ಸಿಕ್ಕಿ ಚಕ್ರದಡಿಗೆ ಹೋದವರಿದ್ದಾರೆ ಎಂದು ನಮ್ಮ ಹಿರಿಯರು ಹೇಳುತ್ತಿದ್ದದ್ದು ನೆನಪಿತ್ತು. ಹ್ಯಾಂಡಲ್ಲನ್ನು ಎಡಕ್ಕೆ ತಿರುಗಿಸಿದೆ. ಡಾಂಬರಿಗೂ ಮಣ್ಣಿನ ಅಂಚಿಗೂ ಒಂದು ಗೇಣು ಎತ್ತರದ ವ್ಯತ್ಯಾಸ. ಜಲ್ಲಿಯ ಮೇಲೆ ಬಿದ್ದೆ. ಮೊಣಕೈ ಕಿತ್ತುಹೋಯಿತು, ಮುಂದಿನ ಚಕ್ರದ ರಿಮ್ ಸೊಟ್ಟಗಾಯಿತು, ಡಬ್ಬಿಯ ಮುಚ್ಚಳ ಈವರೆಗೂ ಸಿಕ್ಕಿಲ್ಲ.

ಬಿದ್ದಲ್ಲಿಂದಲೇ ಎಡಗಡೆಯ ಲಾರಿಯ ಹಿಂದಿನ ಸಂಖ್ಯೆ ಓದಿದೆ. ಆ ಸಂಖ್ಯೆ ನನಗೆ ಗೊತ್ತಿತ್ತು. ಎರಡು ಗಂಟೆಗೆ ಕಾಟಾದ ಮುಂದೆ ಸಾಲಿನಲ್ಲಿ ಮೊದಲು ನಿಂತದ್ದು ಅದೇ. ‘ಸ್ವಲ್ಪ ನಿಂದ್ರಪ, ಪಾಳಿ ಬದಲಿ ಐತಿ’ ಎಂದು ಅದರ ಚಾಲಕನಿಗೆ ಹೇಳಿದವನು ನಾನೇ.

ಎರಡು ದಿನದ ಮೇಲೆ ಅವನು ಮತ್ತೆ ಬಂದ. ಮೊಣಕೈಯ ಪಟ್ಟಿ ತೋರಿಸಿದೆ. ಅವನಿಗೆ ನಾನು ಬಿದ್ದದ್ದು ತಿಳಿದೇ ಇರಲಿಲ್ಲ, ಮುಖ ಸಪ್ಪಗಾಯಿತು. ಆಮೇಲೆ ಮೆಲ್ಲಗೆ, ‘ತಪ್ಪಾತ್ರಿ ಸರ. ಆದ್ರ ನೀವು ಇಪ್ಪತ್ತ್ ನಿಮಿಷ ನಿಂದಿರಿಸಿದ್ರಿ. ಅದನ್ನ ನಾ ಎಲ್ಲಿ ಹಿಡೀಲಿ? ಗಣಿಯಾಗ ಸಾಲು ಹಿಂದ ಬಿದ್ರ ಎರಡನೇ ಟ್ರಿಪ್ಪು ಹೋತು’ ಎಂದ. ಚಾಲಕರಿಗೆ ಹಣ ಸಿಗುವುದು ಟ್ರಿಪ್ಪಿನ ಲೆಕ್ಕದಲ್ಲಿ. ಲಾರಿ ಮಾಲೀಕನ ಕಂತೂ ಅದೇ ಟ್ರಿಪ್ಪಿನಿಂದ ತುಂಬಬೇಕು. ಗಣಿಯ ಬಾಯಲ್ಲಿ ತಡ, ಟೋಲಿನಲ್ಲಿ ತಡ, ನಮ್ಮ ಅಂಗಳದಲ್ಲಿ ತಡ. ಇವು ಯಾವುವೂ ಅವನ ಕೈಯಲ್ಲಿಲ್ಲ. ಅವನ ಕಾಲಡಿ ಇರುವುದು ಆಕ್ಸಿಲರೇಟರ್ ಒಂದೇ, ಕಳೆದ ನಿಮಿಷಗಳನ್ನೆಲ್ಲ ಅವನು ಅದರಿಂದಲೇ ವಸೂಲು ಮಾಡಬೇಕು. ಇದರಿಂದ ಅವನ ತಪ್ಪು ಅಳಿಸಿಹೋಗುವುದಿಲ್ಲ, ಬಿಳಿ ಗೆರೆ ತುಳಿದವನು ಅವನೇ. ನಾನು ಸತ್ತಿದ್ದರೆ ಅವನು ನಿಲ್ಲುತ್ತಲೂ ಇರಲಿಲ್ಲ, ಜನ ಬಡಿಯುತ್ತಾರೆಂಬ ಭಯ ಈ ಕಸುಬಿನವರಿಗೆ ಪೊಲೀಸರ ಭಯಕ್ಕಿಂತ ದೊಡ್ಡದು. ಗುದ್ದಿ ಓಡಿಹೋದವರಿಗೆ ಹತ್ತು ವರ್ಷದವರೆಗೆ ಸೆರೆ ಎಂಬ ಹೊಸ ಕಲಮಿನ ವಿರುದ್ಧ 2024ರ ಜನವರಿಯಲ್ಲಿ ದೇಶದ ಹಲವೆಡೆ ಚಾಲಕರು ಮುಷ್ಕರ ಹೂಡಿದ್ದು, ಆ ಒಂದು ಉಪಕಲಮನ್ನು ತಡೆಹಿಡಿದು ಭಾರತೀಯ ನ್ಯಾಯ ಸಂಹಿತೆಯ ಉಳಿದ ಭಾಗ ಜುಲೈ 1ರಿಂದ ಜಾರಿಗೆ ಬಂದದ್ದು ನೆನಪಿರಬಹುದು. ನಮ್ಮ ಕಿಟಕಿಯಲ್ಲಿ ಆ ದಿನಗಳಲ್ಲಿ ಬೇರೆ ಮಾತೇ ಇರಲಿಲ್ಲ.

ಮನೆಯಲ್ಲಿ ಕೈ ಕಟ್ಟಿಕೊಂಡು ಕುಳಿತಾಗ ಪಾಳಿ ಬದಲಿಯ ಆ ಇಪ್ಪತ್ತು ನಿಮಿಷವನ್ನೇ ಯೋಚಿಸಿದೆ. ಎರಡಕ್ಕೆ ನಾನು ಪುಸ್ತಕ ಮುಚ್ಚುತ್ತೇನೆ, ಮುಂದಿನ ಪಾಳಿಯವನು ಬಂದು ಚೀಟಿಗಳನ್ನು ತಾಳೆ ನೋಡುತ್ತಾನೆ, ಅಷ್ಟು ಹೊತ್ತು ಕಾಟಾ ನಿಂತಿರುತ್ತದೆ, ಹೊರಗೆ ಹತ್ತು ಹನ್ನೆರಡು ಖಾಲಿ ಲಾರಿಗಳು ಹೊಗೆ ಉಗುಳುತ್ತ ಕಾಯುತ್ತವೆ. ತಾಳೆಯಾದ ಕೂಡಲೇ ಅವುಗಳನ್ನು ಒಂದರ ಹಿಂದೊಂದು ಬಿಡುತ್ತೇವೆ. ಅದೇ ಗಳಿಗೆಗೆ ಪಾಳಿ ಬಿಟ್ಟ ಸೈಕಲ್ಲುಗಳೂ ಅದೇ ಗೇಟಿನಿಂದ, ಅದೇ ದಿಕ್ಕಿಗೆ ಹೊರಡುತ್ತವೆ. ತಡವಾಗಿ ಸಿಟ್ಟಿಗೆದ್ದ ಹನ್ನೆರಡು ಲಾರಿಗಳನ್ನೂ, ದಣಿದ ಮೂವತ್ತು ಸೈಕಲ್ಲುಗಳನ್ನೂ ದಿನಕ್ಕೆ ಮೂರು ಸಲ ಒಟ್ಟಿಗೆ ಹೆದ್ದಾರಿಗೆ ಬಿಡುವ ಏರ್ಪಾಡನ್ನು ಯಾರೂ ಬೇಕೆಂದು ಮಾಡಿರಲಿಲ್ಲ. ಹತ್ತು ವರ್ಷ ಅದರ ನಡುವೆ ಕುಳಿತಿದ್ದ ನನಗೂ ಜಲ್ಲಿಯ ಮೇಲೆ ಬೀಳುವವರೆಗೆ ಅದು ಕಂಡಿರಲಿಲ್ಲ.

ಮೇಲಿನವರಿಗೆ ಹೇಳಿದೆ. ಸೈಕಲ್ಲಿನವರ ಜೀವದ ಮಾತು ತೆಗೆದಾಗ ಹೆಲ್ಮೆಟ್ ಕೊಡಿಸೋಣ ಎಂದರು. ಕಾಟಾ ನಿಂತಷ್ಟೂ ದಿನದ ಲಾರಿಗಳ ಎಣಿಕೆ ಕಡಿಮೆಯಾಗುತ್ತದೆ ಎಂದು ಹಳೆಯ ಪುಸ್ತಕಗಳಿಂದ ಲೆಕ್ಕ ತೆಗೆದು ತೋರಿಸಿದಾಗ ಕುರ್ಚಿ ಎಳೆದುಕೊಂಡು ಕುಳಿತರು. ನನಗೆ ಇದರಿಂದ ಬೇಸರವೇನೂ ಆಗಲಿಲ್ಲ, ಕೆಲಸವಾಗುವುದು ಮುಖ್ಯ. ಈಗ ಮಧ್ಯಾಹ್ನದ ಪಾಳಿಯವನು ಒಂದೂಮುಕ್ಕಾಲಿಗೇ ಬರುತ್ತಾನೆ, ಒಬ್ಬ ತೂಗುತ್ತಿರುವಾಗಲೇ ಇನ್ನೊಬ್ಬ ತಾಳೆ ನೋಡುತ್ತಾನೆ, ಎರಡು ಗಂಟೆಗೆ ಸಾಲು ನಿಲ್ಲುವುದಿಲ್ಲ. ಬೆಳಗಿನ ಆರಕ್ಕೂ ಹಾಗೆಯೇ ಆಗಿದೆ. ಇದರಿಂದ ಲಾರಿಗಳೆಲ್ಲ 60ಕ್ಕೆ ಇಳಿದವು ಎಂದು ಹೇಳಿದರೆ ಸುಳ್ಳಾದೀತು. ಜೋಡಿಯಾಗಿ ಪಂದ್ಯ ಕಟ್ಟಿ ಬರುವುದು ಮಾತ್ರ ಆ ಎರಡು ಹೊತ್ತಿನಲ್ಲಿ ನನಗೆ ಕಂಡಂತೆ ಕಡಿಮೆಯಾಗಿದೆ.

ರಾತ್ರಿ ಹತ್ತರದು ಇನ್ನೂ ಬಗೆಹರಿದಿಲ್ಲ. ಆ ಪಾಳಿಗೆ ಬರುವವನ ಊರಿನಿಂದ ಒಂಬತ್ತೂಮುಕ್ಕಾಲಿಗೆ ಮುಟ್ಟುವ ಬಸ್ಸಿಲ್ಲ, ಅವನೂ ಪಾಪ ಯಾರದೋ ಗಾಡಿಯ ಹಿಂದೆ ಕುಳಿತು ಬರಬೇಕು. ಆದ್ದರಿಂದ ಮಧ್ಯಾಹ್ನದ ಪಾಳಿ ಬಿದ್ದ ವಾರದಲ್ಲಿ ಪುಸ್ತಕ ಒಪ್ಪಿಸಿದ ಮೇಲೆ ನಾವು ಏಳೆಂಟು ಸೈಕಲ್ಲಿನವರು ಗೇಟಿನಾಚೆಯ ಚಹಾದಂಗಡಿಯ ಬೆಂಚಿನ ಮೇಲೆ ಕೂರುತ್ತೇವೆ. ಸಾಲಿನಲ್ಲಿ ಎಷ್ಟು ಖಾಲಿ ಲಾರಿಗಳಿದ್ದವೆಂದು ನಾನು ಬರುವಾಗ ಎಣಿಸಿಕೊಂಡು ಬಂದಿರುತ್ತೇನೆ. ಹಿಂಬಾಗಿಲು ಬಡಿದುಕೊಳ್ಳುತ್ತ ಒಂದೊಂದೇ ಹೊರಬಿದ್ದು ಮೂಡಣಕ್ಕೆ ತಿರುಗುತ್ತವೆ, ಅಂಗಡಿಯ ಹುಡುಗ ಲೋಟ ತೊಳೆಯುತ್ತಲೇ ನಮ್ಮೊಡನೆ ಎಣಿಸುತ್ತಾನೆ. ‘ಹನ್ನೊಂದಾದ್ವು, ಇನ್ನೊಂದೈತ್ರಿ’ ಎನ್ನುತ್ತಾನೆ. ಆ ಇನ್ನೊಂದರ ಕೆಂಪು ದೀಪ ತಿರುವಿನಲ್ಲಿ ಮರೆಯಾದ ಮೇಲೆ ನಾವು ಸೈಕಲ್ಲಿನ ಸ್ಟ್ಯಾಂಡ್ ತೆಗೆಯುತ್ತೇವೆ.