ಕಾಫಿ ಬೀಜದ ಒಳಗನ್ನು ನೋಡಬೇಕಾದರೆ

ಕೊಡಗಿನ ಅಮ್ಮತ್ತಿಯ ನಮ್ಮ ತೋಟದ ರೋಬಸ್ಟಾ ಬೀಜವನ್ನು ಹುರಿದು, ಬ್ಲೇಡಿನಿಂದ ಸೀಳಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಇಟ್ಟರೆ ಕಾಣುವುದು ಬೀಜವಲ್ಲ, ಬ್ಲೇಡು ಮಾಡಿದ ಹಾವಳಿ: ಕುಸಿದ ಕೋಶಭಿತ್ತಿ, ರಂಧ್ರಗಳಲ್ಲಿ ತುಂಬಿಕೊಂಡ ಪುಡಿ, ಮೇಲೆಲ್ಲ ಸವರಿಕೊಂಡ ಎಣ್ಣೆ.

ಅದಕ್ಕೇ ಬೀಜ ಕತ್ತರಿಸಲು ನಾನು ಅಯಾನು ಕಿರಣವನ್ನು, ಅಂದರೆ ವಿದ್ಯುದಾವೇಶ ಹೊತ್ತ ಪರಮಾಣುಗಳ ಧಾರೆಯನ್ನು, ಇಷ್ಟೊಂದು ನೆಚ್ಚಿಕೊಂಡಿರುವುದು. ಎಣ್ಣೆ ತೆಗೆದ ಬೀಜದ ಚೂರಿನ ಮುಂದೆ ಗಟ್ಟಿ ತಗಡೊಂದನ್ನು ಮರೆ ಇಟ್ಟು, ಅಂಚಿನಾಚೆ ಕೂದಲೆಳೆಯಷ್ಟು ದಪ್ಪ ಮಾತ್ರ ಹೊರಗೆ ಬಿಡುತ್ತೇನೆ. ನಿರ್ವಾತದಲ್ಲಿ ಕೆಲವು ಕಿಲೋವೋಲ್ಟ್‌ಗಳಿಂದ ವೇಗ ಪಡೆದ ಆರ್ಗಾನ್ ಅಯಾನುಗಳು ಅಲ್ಲಿನ ಪರಮಾಣುಗಳನ್ನು ಕಿತ್ತು ಹಾಕುತ್ತವೆ. ಒತ್ತಡವಿಲ್ಲ, ಉಜ್ಜಾಟವಿಲ್ಲ. ಗಂಟೆಗಟ್ಟಲೆ ಹಿಡಿಯುತ್ತದೆ, ಹಿಡಿಯಲಿ. ಆತುರಪಟ್ಟು ವೋಲ್ಟೇಜ್ ಏರಿಸಿದರೆ ಬಿಸಿಗೆ ತೆಳು ಭಿತ್ತಿಗಳು ಸೊಟ್ಟಗಾಗುತ್ತವೆ. ಇಂಥ ವಸ್ತುವಿಗೆ ತಂಪಾಗಿಸಿದ ಪೀಠವೇ ಬೇಕು. ರಂಧ್ರಗಳ ಕೆಳಗೆ ಪರದೆಯ ನೆರಿಗೆಯಂಥ ಗೆರೆಗಳು ಮೂಡುವುದೂ ಉಂಟು. ಮಾದರಿಯನ್ನು ಅತ್ತಿತ್ತ ತೂಗಾಡಿಸುತ್ತಿದ್ದರೆ ಅವು ಬಹುಮಟ್ಟಿಗೆ ಅಳಿಯುತ್ತವೆ.

ಇನ್ನು ನೋಡುವ ಮುನ್ನ ಮಾದರಿಗೆ ಬಳಿಯುವ, ವಿದ್ಯುತ್ ಹರಿಸುವ ತೆಳು ಲೇಪನ. ಬೀಜ ವಿದ್ಯುತ್ತನ್ನು ಹರಿಯಗೊಡುವುದಿಲ್ಲ. ಎಲೆಕ್ಟ್ರಾನುಗಳು ಅಲ್ಲೇ ಜಮಾಯಿಸಿ ಚಿತ್ರ ಬೆಳ್ಳಗೆ ಉರಿದು ಜಾರತೊಡಗುತ್ತದೆ. ಸುಮಾರು 10 ನ್ಯಾನೋಮೀಟರ್ ಚಿನ್ನ ಸಾಮಾನ್ಯ ನೋಟಕ್ಕೆ ಸಾಕು. ಹೆಚ್ಚು ಹಿಗ್ಗಿಸಿದರೆ ಚಿನ್ನದ ಕಣಗಳೇ ಕಾಣುತ್ತವೆ. ಆಗ ಪ್ಲಾಟಿನಂ ಒಳ್ಳೆಯದು. ಯಾವ ಧಾತು ಎಲ್ಲಿದೆ ಎಂದು ಅದು ಹೊಮ್ಮಿಸುವ ಎಕ್ಸ್‌-ಕಿರಣದಿಂದ ಹುಡುಕುವಾಗಲಂತೂ ಇಂಗಾಲವನ್ನೇ ಬಳಸಿ: ಚಿನ್ನದ ಎಕ್ಸ್‌-ಕಿರಣ ರೇಖೆ ರಂಜಕ, ಗಂಧಕಗಳ ರೇಖೆಗಳ ನಡುವೆಯೇ ಬಂದು ಕೂರುತ್ತದೆ.

ಈ ಕುಯ್ಲಿನಲ್ಲಿ ಚೆರಿ (ಹಣ್ಣನ್ನು ಇಡಿಯಾಗಿ ಒಣಗಿಸಿದ್ದು), ಪಾರ್ಚ್‌ಮೆಂಟ್ (ತಿರುಳು ತೆಗೆದು ಒಳಸಿಪ್ಪೆಯೊಂದಿಗೆ ಒಣಗಿಸಿದ್ದು) ಎರಡನ್ನೂ ತೆಗೆದಿಟ್ಟಿದ್ದೇನೆ. ಒಂದೇ ಹದಕ್ಕೆ ಹುರಿದು ಎರಡರ ಕೋಶಭಿತ್ತಿಗಳನ್ನೂ ಪಕ್ಕಪಕ್ಕದಲ್ಲಿ ನೋಡಬೇಕು.