ಜೆರಾಕ್ಸ್‌ನಲ್ಲಿ ಬತ್ತಿದ ಸಮುದ್ರ

ಮಲಯಾ ಮತ್ತು ಸುಮಾತ್ರಾ ನಡುವಿನ ಮಲಕ್ಕಾ ಜಲಸಂಧಿ ಮುಚ್ಚಿದರೆ ದೊಡ್ಡ ತೈಲ ಹಡಗುಗಳಿಗೆ ಬೇರೆ ದಾರಿ ಯಾವುದು? 10 ಅಂಕ, 150 ಪದ. ಈ ಭಾನುವಾರದ ನಾಗರಿಕ ಸೇವಾ ಮೇನ್ಸ್ ಅಭ್ಯಾಸ ಪರೀಕ್ಷೆಯಲ್ಲಿ ಮುಕ್ಕಾಲು ಪಾಲು ಜನ ‘ಸುಂಡಾ ಜಲಸಂಧಿ’ ಅಂತ ಬರೆದಿದ್ದರು. ಹತ್ತಿರದ್ದು ಅದೇ, ಸರಿ. ಆದರೆ ಅದರ ಪೂರ್ವದ ಬಾಯಿಯಲ್ಲಿ ಆಳ ಬರೀ 20 ಮೀಟರ್ ಆಸುಪಾಸು. ತುಂಬಿದ ದೈತ್ಯ ಟ್ಯಾಂಕರಿನ ಹೊಟ್ಟೆಯೇ ಹೆಚ್ಚುಕಡಿಮೆ ಅಷ್ಟು ಕೆಳಗಿಳಿದಿರುತ್ತೆ.

ಇದನ್ನು ಹೇಳಿದಾಗ ಎರಡನೇ ಬೆಂಚಿನ ಹುಡುಗ, “ಆಳ ಮ್ಯಾಪಲ್ಲಿ ಇರಲ್ವಲ್ಲ ಸರ್” ಅಂದ. “ಇರುತ್ತಪ್ಪ, ನೋಡಬೇಕು” ಅಂದೆ. ಅವನು ತನ್ನ ಹಾಳೆ ತಂದು ಮುಂದೆ ಹಿಡಿದ. ಯಾರೋ ಟಾಪರ್ ಮಾಡಿಕೊಂಡಿದ್ದ ನೋಟ್ಸಿನ ಜೆರಾಕ್ಸ್. ಅಟ್ಲಾಸ್‌ನಲ್ಲಿ 200 ಮೀಟರಿಗಿಂತ ಕಡಿಮೆ ಆಳಕ್ಕೆ ತಿಳಿನೀಲಿ, ಅದರಾಚೆ ಗಾಢನೀಲಿ ಬಳಿದಿರುತ್ತಾರೆ. ಜೆರಾಕ್ಸ್‌ನಲ್ಲಿ ಎರಡೂ ಒಂದೇ ಬೂದಿ. ಆಳ ಮ್ಯಾಪಲ್ಲಿ ಇರಲ್ವಲ್ಲ! ಅವನ ಮ್ಯಾಪಲ್ಲಿ ನಿಜವಾಗಲೂ ಇರಲಿಲ್ಲ. ವಾರವಿಡೀ ಆ ಮಾತು ತಲೆಯಲ್ಲೇ ಸುತ್ತುತ್ತಿದೆ.

ಉತ್ತರಕ್ಕೆ ಮೂರೇ ಸಂಖ್ಯೆ ಸಾಕಿತ್ತು: ಮಲಕ್ಕಾದ ಆಳವಿಲ್ಲದ ಕಡೆ ಸುಮಾರು 25 ಮೀಟರ್, ಸುಂಡಾ 20, ಬಾಲಿ, ಲೊಂಬೊಕ್ ದ್ವೀಪಗಳ ನಡುವಿನ ಲೊಂಬೊಕ್ ಜಲಸಂಧಿ 250. ದೈತ್ಯ ಟ್ಯಾಂಕರಿಗೆ ದಾರಿ ಅದೇ. ಈಗ ಹಿಮಯುಗದ ಪಾಠ ತೆಗೆಯಿರಿ. ಸುಮಾರು 20,000 ವರ್ಷಗಳ ಹಿಂದೆ ಸಮುದ್ರ ಮಟ್ಟ ಈಗಿನದಕ್ಕಿಂತ 120 ಮೀಟರಿನಷ್ಟು ಕೆಳಗಿತ್ತು. ಮೊದಲೆರಡೂ ಒಣ ನೆಲ. ಸುಮಾತ್ರಾ, ಜಾವಾ, ಬೋರ್ನಿಯೋ ಏಷ್ಯಾಕ್ಕೆ ಅಂಟಿಕೊಂಡಿದ್ದವು. ಲೊಂಬೊಕ್‌ನಲ್ಲಿ ಮಾತ್ರ ಆಗಲೂ ನೀರು. 1856ರಲ್ಲಿ ಬಾಲಿಯಿಂದ ಲೊಂಬೊಕ್‌ಗೆ ದಾಟಿದ ಪ್ರಕೃತಿ ವಿಜ್ಞಾನಿ ವ್ಯಾಲೇಸ್‌ಗೆ ಮರಕುಟಿಗಗಳು ಕಾಣದೇ ಹೋಗಿ ಆಸ್ಟ್ರೇಲಿಯಾ ಕಡೆಯ ಗಿಣಿಜಾತಿಯ ಕಾಕಟೂಗಳು ಸಿಕ್ಕಿದ್ದು ಅದಕ್ಕೇ. ಹಕ್ಕಿಗಳನ್ನು ತಡೆದ ಆಳವೇ ಇವತ್ತು ಟ್ಯಾಂಕರಿಗೆ ದಾರಿ ಬಿಡುತ್ತಿದೆ.

ಏಷ್ಯಾದ ಪ್ರಾಣಿಪಕ್ಷಿಗಳನ್ನು ಆಸ್ಟ್ರೇಲಿಯಾ ಕಡೆಯವುಗಳಿಂದ ಬೇರ್ಪಡಿಸುವ ಈ ವ್ಯಾಲೇಸ್ ರೇಖೆ ನಮ್ಮವರಿಗೆ ಬಾಯಿಪಾಠ. ಚೀನಾದ ಹೆಚ್ಚಿನ ತೈಲ ಆ ಒಂದೇ ಇಕ್ಕಟ್ಟಿನ ದಾರಿಯಲ್ಲಿ ಬರಬೇಕಾದ ಚಿಂತೆ, ಅಂದರೆ ‘ಮಲಕ್ಕಾ ಸಂದಿಗ್ಧ’ವೂ ಬಾಯಿಪಾಠ. ಆದರೆ ಒಂದು ಭೂಗೋಳದ ನೋಟ್‌ಬುಕ್ಕು, ಇನ್ನೊಂದು ಅಂತಾರಾಷ್ಟ್ರೀಯ ಸಂಬಂಧದ್ದು; ಎರಡಕ್ಕೂ ಮಾತುಕತೆ ಇಲ್ಲ. ಹೀಗೆ ಪೇಪರ್ ಒಂದು, ಪೇಪರ್ ಎರಡು ಅಂತ ಹಂಚಿಕೊಟ್ಟವರು ಪಾಠ ಮಾಡುವ ನಾವೇ. ಹುಡುಗರನ್ನು ಬೈದು ಏನು ಬಂತು? ಇನ್ನು ಕೊನೆಯ ಪ್ಯಾರಾದಲ್ಲಿ ಎಲ್ಲರದೂ ಒಂದೇ ರಾಗ: ‘ಗ್ರೇಟ್ ನಿಕೋಬಾರ್‌ನಿಂದ ಭಾರತ ಎಲ್ಲವನ್ನೂ ನಿಯಂತ್ರಿಸಬಹುದು’. ಪರ್ಷಿಯನ್ ಕೊಲ್ಲಿಯಿಂದ ಲೊಂಬೊಕ್‌ಗೆ ಹೊರಟ ಹಡಗು ಸುಮಾತ್ರಾದ ದಕ್ಷಿಣಕ್ಕೆ ಹಾಯುತ್ತೆ, ಗ್ರೇಟ್ ನಿಕೋಬಾರಿನ ದಕ್ಷಿಣ ತುದಿಯಾದ ಇಂದಿರಾ ಪಾಯಿಂಟ್ ಹತ್ತಿರ ಸುಳಿಯುವುದೇ ಇಲ್ಲ. ಪರ್ಯಾಯ ಮಾರ್ಗದ ಪ್ರಶ್ನೆಗೆ ಹಡಗು ನಿಕೋಬಾರ್ ಹತ್ತಿರ ಬರುವುದಿಲ್ಲ ಅಂತ ಒಂದು ಸಾಲು ಬರೆದವನಿಗೆ ನಾನಂತೂ ಅಂಕ ಕಡಿಯುವುದಿಲ್ಲ.

ಏಳು ನಿಮಿಷದ ಉತ್ತರದಲ್ಲಿ ಚಿತ್ರಕ್ಕೆ ಒಂದು ನಿಮಿಷ ಸಿಕ್ಕರೆ ದೊಡ್ಡದು. ಹಾಗಾಗಿ ಬೋರ್ಡಿನ ಮೇಲೆ ಬರೆದೇ ತೋರಿಸಿದೆ. ಮೊದಲು ಅಡ್ಡಗೆರೆ, ಸಮಭಾಜಕ ವೃತ್ತ. ಅದರ ನಡುವೆ ಹಾಯುವಂತೆ ವಾಯವ್ಯದಿಂದ ಆಗ್ನೇಯಕ್ಕೆ ಓರೆಯಾಗಿ ಸುಮಾತ್ರಾ. ಮೇಲೆ ಮಲಯಾ ಪರ್ಯಾಯ ದ್ವೀಪ, ಅದರ ತುದಿಗೆ ಗೆರೆಗಿಂತ ಒಂದು ಕೂದಲು ಮೇಲೆ ಸಿಂಗಾಪುರದ ಚುಕ್ಕೆ. ಸುಮಾತ್ರಾದ ಕೆಳತುದಿಯಲ್ಲಿ ಸಣ್ಣ ಸಂದು ಬಿಟ್ಟು ಪೂರ್ವಕ್ಕೆ ಉದ್ದನೆಯ ಜಾವಾ, ಆಮೇಲೆ ಬಾಲಿ, ಲೊಂಬೊಕ್. ಕರಾವಳಿಯ ಕೊರಕಲೆಲ್ಲ ಬೇಡ. ಸಂದುಗಳಲ್ಲಿ ಹೆಸರಿನ ಪಕ್ಕ ಆಳ ಬರೆಯಿರಿ, ಸಾಕು. ಹೆಚ್ಚಿನವರು ಎಡವುವುದು ಜಾವಾ ಮುಗಿದ ಕೂಡಲೇ ಬರುವ ಸಂದಿಗೆ ಲೊಂಬೊಕ್ ಅಂತ ಹೆಸರಿಡುವಾಗ; ಅದು ಬಾಲಿ ಜಲಸಂಧಿ, ಆಳವಿಲ್ಲದ್ದು.

ಬುಧವಾರ ಆ ಹುಡುಗ ಹೊಸ ಚಿತ್ರ ತಂದ. ತಿಳಿನೀಲಿ, ಗಾಢನೀಲಿ ಎರಡೂ ಪೆನ್ಸಿಲ್ ಬಳಸಿದ್ದಾನೆ, ಮೂರೂ ಸಂಖ್ಯೆ ಸರಿಯಾದ ಸಂದಿನಲ್ಲೇ ಕೂತಿವೆ. “ಈಗ ಆಳ ಇದೆ ಸರ್” ಅಂದ. ಇತ್ತು. ಸಿಂಗಾಪುರ ಮಾತ್ರ ಸಮಭಾಜಕದ ಕೆಳಗೆ ಜಾರಿತ್ತು.