ಮೂರು ರಾಜ್ಯಗಳಿಂದ ಸೆನೆಟರ್ ಆದ ಐರಿಷ್ ಹುಡುಗ

ಊರಿಂದ ಯಾರು ಬಂದರೂ ನಾವು ಮೊದಲು ಸೇಂಟ್ ಪಾಲ್‌ನ ಕ್ಯಾಪಿಟಲ್ ಕಟ್ಟಡ ತೋರಿಸುತ್ತೇವೆ. ಅದು ಮಿನೆಸೋಟಾದ ವಿಧಾನಸೌಧ. ಕಳೆದ ಬೇಸಿಗೆಯಲ್ಲಿ ಅಪ್ಪ ಗುಮ್ಮಟದ ಕೆಳಗಿನ ಒಂದು ಪ್ರತಿಮೆಯ ಮುಂದೆ ನಿಂತು "ಇವರು ಯಾರಪ್ಪಾ?" ಅಂದರು. ಜೇಮ್ಸ್ ಶೀಲ್ಡ್ಸ್ ಅಂತ ಹೆಸರಿತ್ತು. ನನಗೆ ಗೊತ್ತಿರಲಿಲ್ಲ. ಇಲ್ಲೇ ಹುಟ್ಟಿ ಬೆಳೆದ ಸ್ನೇಹಿತರನ್ನು ಕೇಳಿದೆ, ಅವರಿಗೂ ಗೊತ್ತಿಲ್ಲ!

ಆವತ್ತು ರಾತ್ರಿ ಓದೋಕೆ ಕೂತವನು ಬೆಳಗಿನ ಜಾವದವರೆಗೂ ಏಳಲಿಲ್ಲ. ಶೀಲ್ಡ್ಸ್ ಐರ್ಲೆಂಡಿನ ಟೈರೋನ್ ಕೌಂಟಿಯವರು. ಚಿಕ್ಕ ವಯಸ್ಸಿನಲ್ಲೇ ಅಮೆರಿಕಕ್ಕೆ ಬಂದು, ಇಲಿನಾಯ್‌ನಲ್ಲಿ ವಕೀಲರಾಗಿ, ಆಮೇಲೆ ಆ ರಾಜ್ಯದ ಲೆಕ್ಕಪತ್ರ ನೋಡುವ ಆಡಿಟರ್ ಆದರು. 1842ರಲ್ಲಿ ಅಲ್ಲಿನ ಸ್ಟೇಟ್ ಬ್ಯಾಂಕ್ ಮುಳುಗಿತ್ತು, ಅದರ ನೋಟುಗಳನ್ನು ತೆರಿಗೆಗೆ ತಗೊಳ್ಳೋದಿಲ್ಲ ಅಂತ ಹೇಳಬೇಕಾದ ಕೆಲಸ ಇವರ ಪಾಲಿಗೆ ಬಂತು. ಜನ ಸಿಟ್ಟಾದರು. ಒಬ್ಬ ಎದುರಾಳಿ ರಾಜಕಾರಣಿ ರೆಬೆಕಾ ಅನ್ನೋ ಹಳ್ಳಿ ಹೆಂಗಸಿನ ಹೆಸರಲ್ಲಿ ಪತ್ರಿಕೆಗೆ ಕಾಗದ ಬರೆದು ಇವರನ್ನು ಚೆನ್ನಾಗಿ ಆಡಿಕೊಂಡರು. ಬರೆದವರು ಅಬ್ರಹಾಂ ಲಿಂಕನ್.

ಶೀಲ್ಡ್ಸ್ ದ್ವಂದ್ವಯುದ್ಧಕ್ಕೇ ಕರೆದರು. ಆಯುಧ ಆರಿಸುವ ಹಕ್ಕು ಲಿಂಕನ್ ಅವರದು, ಅವರು ಆರಿಸಿದ್ದು ದೊಡ್ಡ ಕತ್ತಿ, ಯಾಕೆಂದರೆ ಅವರ ಎತ್ತರ 6 ಅಡಿ 4 ಇಂಚು, ಕೈಗಳೂ ಉದ್ದ, ಶೀಲ್ಡ್ಸ್ ಆದರೋ ಲಿಂಕನ್‌ಗಿಂತ ಎಷ್ಟೋ ಗಿಡ್ಡ. ಇಲಿನಾಯ್‌ನಲ್ಲಿ ದ್ವಂದ್ವಕ್ಕೆ ನಿಷೇಧ ಇತ್ತು, ಹಾಗಾಗಿ ಮಿಸಿಸಿಪ್ಪಿ ನದಿ ದಾಟಿ ಮಿಸೌರಿ ಕಡೆಗೆ ಹೋದರು. ಕೊನೇ ಗಳಿಗೆಯಲ್ಲಿ ಸ್ನೇಹಿತರು ರಾಜಿ ಮಾಡಿಸಿದರು. 19 ವರ್ಷ ಆದಮೇಲೆ ಅಂತರ್ಯುದ್ಧ ಶುರುವಾದಾಗ, ಅದೇ ಲಿಂಕನ್ ಅಧ್ಯಕ್ಷರಾಗಿ ಅದೇ ಶೀಲ್ಡ್ಸ್ ಅವರನ್ನು ಬ್ರಿಗೇಡಿಯರ್ ಜನರಲ್ ಮಾಡಿದರು. ಇದು ನನಗೆ ಇಬ್ಬರ ಮೇಲೂ ಗೌರವ ತಂದಿತು.

ಆದರೆ ನನ್ನನ್ನು ಹಿಡಿದು ಕೂರಿಸಿದ್ದು ಬೇರೆ ವಿಷಯ. ಮೆಕ್ಸಿಕೋ ಯುದ್ಧದಲ್ಲಿ, 1847ರಲ್ಲಿ, ಸೆರ್ರೋ ಗೋರ್ಡೋದಲ್ಲಿ ಇವರ ಎದೆಯನ್ನೇ ಸೀಳಿಕೊಂಡು ಗುಂಡು ಹೋಗಿತ್ತು. ಬದುಕಿ ಬಂದರು. 1849ರಲ್ಲಿ ಇಲಿನಾಯ್ ಇವರನ್ನು ಸೆನೆಟ್‌ಗೆ, ಅಂದರೆ ಅಮೆರಿಕ ಸಂಸತ್ತಿನ ಮೇಲ್ಮನೆಗೆ, ಕಳಿಸಿತು. ಆದರೆ ಸೆನೆಟರ್ ಆಗೋಕೆ ನಾಗರಿಕರಾಗಿ 9 ವರ್ಷ ತುಂಬಿರಬೇಕು. ಇವರಿಗೆ ಪೌರತ್ವ ಸಿಕ್ಕಿದ್ದು 1840ರ ಅಕ್ಟೋಬರ್‌ನಲ್ಲಿ. ಕೆಲವೇ ತಿಂಗಳು ಕಡಿಮೆ! ಸೆನೆಟ್ ಆಯ್ಕೆಯನ್ನೇ ರದ್ದು ಮಾಡಿತು. ಈ ದೇಶಕ್ಕಾಗಿ ಎದೆಯಲ್ಲಿ ಗುಂಡು ತಿಂದವರಿಗೆ, ನೀನಿನ್ನೂ ಪೂರ್ತಿ ನಮ್ಮವನಲ್ಲ ಅಂದ ಹಾಗಾಯಿತು ಅಲ್ವಾ? ಗ್ರೀನ್ ಕಾರ್ಡಿಗಾಗಿ ವರ್ಷಗಟ್ಟಲೆ ದಿನ ಎಣಿಸುತ್ತಿರುವ ನನಗೆ ಅಲ್ಲಿ ಗಂಟಲು ಕಟ್ಟಿತು. ಅವರು 9 ವರ್ಷ ತುಂಬಲಿ ಅಂತ ಕಾದರು, ಅದೇ ವರ್ಷ ಮತ್ತೆ ಆಯ್ಕೆಯಾದರು.

ಆಮೇಲೆ ಮಿನೆಸೋಟಾಕ್ಕೆ ಬಂದರು. 1858ರಲ್ಲಿ ಇದು ರಾಜ್ಯವಾದಾಗ ಇಲ್ಲಿಂದಲೂ ಸೆನೆಟರ್ ಆದರು, ಹೊಸ ರಾಜ್ಯದ ಇಬ್ಬರು ಸೆನೆಟರ್‌ಗಳಲ್ಲಿ ಯಾರಿಗೆ ಎಷ್ಟು ಅವಧಿ ಅಂತ ಚೀಟಿ ಎತ್ತಿದಾಗ ಇವರಿಗೆ ಚಿಕ್ಕ ಅವಧಿ ಬಂದು ವರ್ಷದೊಳಗೇ ಮುಗಿಯಿತು. 1879ರಲ್ಲಿ ಮಿಸೌರಿಯಿಂದ ಐದಾರು ವಾರ. ಮೂರು ರಾಜ್ಯಗಳಿಂದ ಸೆನೆಟರ್ ಆದವರು ಅಮೆರಿಕದ ಇತಿಹಾಸದಲ್ಲಿ ಇವರೊಬ್ಬರೇ. ಅದೇ ವರ್ಷ ಜೂನ್‌ನಲ್ಲಿ ತೀರಿಕೊಂಡರು.

ಅಪ್ಪ ಊರಿಗೆ ಹೊರಡುವ ಮುಂಚೆ ಅವರನ್ನು ಶೀಲ್ಡ್ಸ್‌ವಿಲ್‌ಗೆ ಕರೆದುಕೊಂಡು ಹೋದೆ. ಫ್ಯಾರಿಬೋ ಹತ್ತಿರದ ಪುಟ್ಟ ಊರು, ಐರಿಷ್ ಜನರನ್ನು ಕರೆತಂದು ಶೀಲ್ಡ್ಸ್ ನೆಲೆ ನಿಲ್ಲಿಸಿದ ಜಾಗ. ಸೇಂಟ್ ಪ್ಯಾಟ್ರಿಕ್ ಚರ್ಚಿನ ಮುಂದೆ ಅಪ್ಪ ಸುಮ್ನೆ ನಿಂತಿದ್ದರು. ಕಾರು ಹತ್ತುವಾಗ, "ಅವರು ತಿರುಗಿ ಊರಿಗೆ ಹೋಗಲೇ ಇಲ್ವೇನೋ?" ಅಂತ ಕೇಳಿದರು. ನಾನು ಸೀಟ್ ಬೆಲ್ಟ್ ಹಾಕಿಕೊಟ್ಟೆ.